ಇಸವಿ ಎಲ್ಲ ಬಾಯಿಪಾಠ, ಅಂಕ ಮಾತ್ರ ಮೂರು: ಯುರೋಪ್ ಇತಿಹಾಸ ಓದುವುದು ಹೇಗೆ?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಈ ಸೆಮಿಸ್ಟರ್‌ನಲ್ಲಿ ಆಧುನಿಕ ಯುರೋಪ್ ಇತಿಹಾಸದ ಪೇಪರ್ ಇದೆ, ಫ್ರೆಂಚ್ ಕ್ರಾಂತಿಯಿಂದ ಎರಡನೇ ಮಹಾಯುದ್ಧದವರೆಗೆ. ಮೊದಲ ಟೆಸ್ಟಿಗೆ ಮೂರು ವಾರ ಕೂತು ಗೈಡಿನಲ್ಲಿದ್ದ ಇಸವಿ, ಹೆಸರು, ಕಾರಣ ಎಲ್ಲ ಬಾಯಿಪಾಠ ಮಾಡಿದೆ. ‘ಫ್ರೆಂಚ್ ಕ್ರಾಂತಿಗೆ ಬಡತನವೇ ಮುಖ್ಯ ಕಾರಣವೇ? ಪರಿಶೀಲಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಐದು ಪುಟ ಬರೆದೆ. ಬಂದಿದ್ದು ಮೂರು ಅಂಕ. ಪಕ್ಕದಲ್ಲಿ ಮೇಡಂ ‘ಉತ್ತರ ಎಲ್ಲಿ?’ ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ. ಫೋಟೊ ಕಳಿಸಿದ್ದೇನೆ. ನನಗೆ ನೆನಪಿನ ಶಕ್ತಿ ಕಡಿಮೆಯೋ, ಇಂಗ್ಲಿಷ್ ಬರದವರಿಗೆ ಈ ಪೇಪರ್ ಆಗುವುದಿಲ್ಲವೋ ತಿಳಿಯುತ್ತಿಲ್ಲ. ಅಪ್ಪ ಬೇರೆ, ‘ನಮ್ಮೂರಿನ ಕೋಟೆ ಯಾರು ಕಟ್ಟಿಸಿದ್ರು ಅಂತ ಗೊತ್ತಿಲ್ಲ, ಫ್ರಾನ್ಸ್ ರಾಜನ ತಲೆ ಯಾವತ್ತು ಕಡಿದ್ರು ಅನ್ನೋದು ನಿಂಗ್ಯಾಕೆ’ ಅಂತ ನಗುತ್ತಾರೆ. ಪೇಪರ್ ಬದಲಿಸಲಾ? ಇನ್ನೊಂದು ಸಣ್ಣ ಸಂಶಯ: ಹದಿನಾರನೇ ಲೂಯಿ ಆದ ಮೇಲೆ ನೇರವಾಗಿ ಹದಿನೆಂಟನೇ ಲೂಯಿ ಬರುತ್ತಾನೆ. ಹದಿನೇಳನೆಯವನು ಎಲ್ಲಿ ಹೋದ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಉತ್ತರ ಪತ್ರಿಕೆಯನ್ನು ಎರಡು ಸಲ ಓದಿದೆ. ಅದರಲ್ಲಿ ಒಂದು ಇಸವಿಯೂ ತಪ್ಪಿಲ್ಲ. ಹಾಗಾಗಿ ನೆನಪಿನ ಶಕ್ತಿಯ ಚಿಂತೆ ಇವತ್ತಿಗೇ ಬಿಡಿ. ಮೂರು ವಾರದಲ್ಲಿ ಅಷ್ಟು ತಲೆಗೆ ತುಂಬಿಕೊಂಡವರಿಗೆ ನೆನಪಿನದ್ದೇನೂ ತೊಂದರೆ ಇಲ್ಲ.

ಆದರೆ ಮೇಡಂ ಕೇಳಿದ್ದೂ ಸರಿಯೇ. ನಿಮ್ಮ ಮೊದಲ ಸಾಲು, ‘ಫ್ರೆಂಚ್ ಕ್ರಾಂತಿಯು ವಿಶ್ವದ ಇತಿಹಾಸದಲ್ಲಿ ಒಂದು ಮಹತ್ವದ ಘಟನೆಯಾಗಿದೆ.’ ಆಮೇಲೆ ಸಾಮಾಜಿಕ ಕಾರಣ, ಆರ್ಥಿಕ ಕಾರಣ, ರಾಜಕೀಯ ಕಾರಣ, ತತ್ವಜ್ಞಾನಿಗಳ ಪ್ರಭಾವ, ಎಲ್ಲ ಸಾಲಾಗಿ ಬಂದಿವೆ. ಬಡತನ ಮುಖ್ಯ ಕಾರಣ ಹೌದೋ ಅಲ್ಲವೋ ಅನ್ನುವ ಒಂದು ವಾಕ್ಯ ಮಾತ್ರ ಐದು ಪುಟದಲ್ಲಿ ಎಲ್ಲೂ ಇಲ್ಲ. ಪ್ರಶ್ನೆ ಕೇಳಿದ್ದು ಅದೊಂದನ್ನೇ.

ಈ ತಪ್ಪು ನಿಮ್ಮೊಬ್ಬರದ್ದಲ್ಲ. ನಾನೂ ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ನೋಟ್ಸ್ ಹೇಳಿ ಬರೆಸಿದವನೇ. ಕ್ರಾಂತಿಗೆ ಏಳು ಕಾರಣ, ಒಂಬತ್ತು ಪರಿಣಾಮ. ಒಂದು ಸಲ ತರಗತಿಯಲ್ಲಿ ‘ಈ ಏಳರಲ್ಲಿ ಒಂದು ಇಲ್ಲದಿದ್ದರೆ ಕ್ರಾಂತಿ ಆಗುತ್ತಿತ್ತಾ?’ ಅಂತ ಸುಮ್ನೆ ಕೇಳಿದೆ. ಅರವತ್ತು ಜನ ನನ್ನ ಮುಖ ನೋಡಿದರು. ನಾನೂ ಅದಕ್ಕೆ ಉತ್ತರ ಯೋಚಿಸಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ವ್ಯಾಲ್ಯುಯೇಷನ್‌ಗೆ ಹೋದಾಗಲೂ ಅಷ್ಟೇ. ಕಟ್ಟು ಬಿಚ್ಚಿದರೆ ‘ಮಹತ್ವದ ಘಟನೆಯಾಗಿದೆ’ ಎಂಬ ಸಾಲು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಅಡಿಷನಲ್ ಶೀಟ್ ಜಾಸ್ತಿ ತಗೊಂಡರೆ ಅಂಕ ಜಾಸ್ತಿ ಅನ್ನುವುದು ಶುದ್ಧ ಭ್ರಮೆ.

ಹಾಗಾದರೆ ಏನು ಮಾಡಬೇಕು? ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಹಾಕಿ: ಯಾಕೆ ಆವಾಗಲೇ? ಅದಕ್ಕೆ ಮೊದಲೇ ಯಾಕೆ ಆಗಲಿಲ್ಲ? ಇಸವಿಗಳು ಈ ಪ್ರಶ್ನೆಗೆ ಅಂಟಿಕೊಂಡರೆ ನಿಲ್ಲುತ್ತವೆ. ಇಲ್ಲದಿದ್ದರೆ ಟೆಸ್ಟ್ ಮುಗಿದ ಸಂಜೆಯೇ ಉದುರಿಹೋಗುತ್ತವೆ.

ನಿಮ್ಮ ಪ್ರಶ್ನೆಯನ್ನೇ ಹೀಗೆ ನೋಡೋಣ.

ಫ್ರಾನ್ಸಿನಲ್ಲಿ ಬಡತನ 1789ರಲ್ಲಿ ಹೊಸದಾಗಿ ಬಂದದ್ದಲ್ಲ. ಅಜ್ಜ ಮುತ್ತಜ್ಜರ ಕಾಲದಿಂದಲೂ ಇತ್ತು. ಬಡತನವೊಂದೇ ಸಾಕಾಗಿದ್ದರೆ ಕ್ರಾಂತಿ ಎಷ್ಟೋ ಮೊದಲೇ ಆಗಬೇಕಿತ್ತು, ಫ್ರಾನ್ಸಿಗಿಂತ ಬಡ ದೇಶಗಳಲ್ಲಿ ಆಗಬೇಕಿತ್ತು. ಹಾಗಾದರೆ ಆ ಎರಡು ಮೂರು ವರ್ಷದಲ್ಲಿ ಹೊಸದೇನಾಯಿತು?

ಮೊದಲು ರಾಜನ ಬೊಕ್ಕಸ ನೋಡಿ. ಇಂಗ್ಲೆಂಡಿನ ಮೇಲಿನ ಹಠಕ್ಕೆ ಫ್ರಾನ್ಸ್ 1778ರಲ್ಲಿ ಅಮೆರಿಕದವರ ಸ್ವಾತಂತ್ರ್ಯ ಯುದ್ಧಕ್ಕೆ ಇಳಿಯಿತು. ಗೆದ್ದಿತು, ಆದರೆ ಖರ್ಚಾದ ನೂರು ಕೋಟಿ ಲಿವ್ರ್‌ಗೂ (ಆಗಿನ ಫ್ರೆಂಚ್ ಹಣ) ಮೀರಿದ ಹಣದಲ್ಲಿ ಬಹುಪಾಲು ಸಾಲ. 1788ರ ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಸುಮಾರು ಅರ್ಧ ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ಕಂದಾಯದ ಭಾರವೆಲ್ಲ ರೈತರ ಮೇಲೆ. ದೊಡ್ಡವರಿಗೆ ವಿನಾಯಿತಿಗಳ ಮೇಲೆ ವಿನಾಯಿತಿ. ಹಣಕಾಸು ಮಂತ್ರಿ ಕಲೋನ್ 1787ರಲ್ಲಿ ಗಣ್ಯರ ಸಭೆ ಕರೆದು, ಎಲ್ಲ ಜಮೀನಿಗೂ ಒಂದೇ ತೆರಿಗೆ ಹಾಕೋಣ ಅಂದ. ಗಣ್ಯರು ಒಪ್ಪಲಿಲ್ಲ. ಮಂತ್ರಿಯ ಕೆಲಸವೇ ಹೋಯಿತು. ಬೇರೆ ದಾರಿ ಕಾಣದೆ 1788ರ ಆಗಸ್ಟ್ 8ರಂದು ರಾಜ ಎಸ್ಟೇಟ್ಸ್ ಜನರಲ್, ಅಂದರೆ ಪಾದ್ರಿಗಳು, ಶ್ರೀಮಂತರು, ಉಳಿದ ಜನ ಎಂಬ ಮೂರು ವರ್ಗಗಳ ಪ್ರತಿನಿಧಿ ಸಭೆ, ಕರೆಯುವುದಾಗಿ ಘೋಷಿಸಿದ. ಅದು ಹಿಂದೆ ಸೇರಿದ್ದು 1614ರಲ್ಲಿ. ಎಂಟೇ ದಿನಕ್ಕೆ, ಆಗಸ್ಟ್ 16ಕ್ಕೆ, ಸರ್ಕಾರ ಪಾವತಿಗಳನ್ನು ನಿಲ್ಲಿಸಿತು. ನಮ್ಮ ಮಾತಲ್ಲಿ ಹೇಳುವುದಾದರೆ ಕೈ ಎತ್ತಿತು.

ಇನ್ನೊಂದು ಕಡೆ ಆಕಾಶ. 1788ರ ಜುಲೈ 13ಕ್ಕೆ ಭಾರಿ ಆಲಿಕಲ್ಲು ಮಳೆ ಬಿದ್ದು ಕೊಯ್ಲಿಗೆ ಬಂದಿದ್ದ ಬೆಳೆ ನೆಲ ಕಚ್ಚಿತು. ಆಮೇಲೆ ಕಡು ಚಳಿಗಾಲ. ಪ್ಯಾರಿಸ್ಸಿನಲ್ಲಿ ನಾಲ್ಕು ಪೌಂಡಿನ ಒಂದು ರೊಟ್ಟಿಗೆ ಸಾಮಾನ್ಯವಾಗಿ ಎಂಟೊಂಬತ್ತು ಸೂ (ಅಲ್ಲಿನ ಚಿಲ್ಲರೆ ನಾಣ್ಯ) ಇದ್ದ ಬೆಲೆ 1789ರ ಆರಂಭದಲ್ಲಿ ಹದಿನಾಲ್ಕೂವರೆಗೆ ಏರಿತು. ದಿನವಿಡೀ ದುಡಿದರೆ ಕೂಲಿಯವನಿಗೆ ಸಿಗುತ್ತಿದ್ದದ್ದು 20ರಿಂದ 30 ಸೂ. ಮಕ್ಕಳಿರುವ ಮನೆಗೆ ಒಂದು ರೊಟ್ಟಿ ಸಾಲುವುದಿಲ್ಲ. ಲೆಕ್ಕ ನೀವೇ ಹಾಕಿ.

ಇದರ ಮಧ್ಯೆ ಇನ್ನೊಂದು ಆಯಿತು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸುವುದು ಇದೇ. ಎಸ್ಟೇಟ್ಸ್ ಜನರಲ್ ಸೇರುವ ಮೊದಲು, ನಿಮ್ಮ ದೂರುಗಳನ್ನೆಲ್ಲ ಬರೆದು ಕಳಿಸಿ ಅಂತ ಊರೂರಿಗೂ ಹೇಳಿ ಕಳಿಸಿದರು. ತಲೆಮಾರುಗಳಿಂದ ಬಾಯಿ ಮುಚ್ಚಿಕೊಂಡಿದ್ದ ಹಳ್ಳಿಗಳು ಕೂತು ಪಟ್ಟಿ ಮಾಡಿದವು: ಉಪ್ಪಿನ ತೆರಿಗೆ, ಜಮೀನ್ದಾರನ ಪಾರಿವಾಳ ನಮ್ಮ ಕಾಳು ತಿನ್ನುವುದು, ಬೇಟೆಗೆ ಬಂದವರು ಪೈರು ತುಳಿಯುವುದು. ಬರೆದು ಕಳಿಸಿದ ಮೇಲೆ ಏನೋ ಆಗುತ್ತದೆ ಅಂತ ಜನ ಕಾಯುತ್ತಾರಲ್ವಾ? ಮೇ 5ಕ್ಕೆ ಸಭೆ ಸೇರಿತು. ಓಟನ್ನು ತಲೆಗೊಂದರಂತೆ ಎಣಿಸಬೇಕೋ, ವರ್ಗಕ್ಕೊಂದರಂತೆ ಎಣಿಸಬೇಕೋ ಅನ್ನುವ ಜಗಳದಲ್ಲೇ ವಾರಗಟ್ಟಲೆ ಹೋಯಿತು. ರೊಟ್ಟಿ ಬೆಲೆ ಇಳಿಯಲಿಲ್ಲ.

ಈಗ ಉತ್ತರ ತಾನಾಗಿಯೇ ಬರುತ್ತದೆ. ಬಡತನ ಬೀದಿಗೆ ಜನರನ್ನು ತಂದಿತು. ಆದರೆ ಬಾಗಿಲು ತೆರೆದದ್ದು ಸರ್ಕಾರದ ದಿವಾಳಿ. ದಿವಾಳಿಯಾಗದಿದ್ದರೆ ಎಸ್ಟೇಟ್ಸ್ ಜನರಲ್ ಕರೆಯುತ್ತಿರಲಿಲ್ಲ, ಆಗ ಹಸಿದವರ ದಂಗೆ ಹಿಂದಿನ ಎಷ್ಟೋ ದಂಗೆಗಳ ಹಾಗೆ ಸಿಪಾಯಿಗಳ ಕೈಯಲ್ಲಿ ಮುಗಿಯುತ್ತಿತ್ತು. ಇದು ನನ್ನ ಅಭಿಪ್ರಾಯ. ನೀವು ಬಡತನವೇ ದೊಡ್ಡದು ಅಂತ ವಾದಿಸಿ, ಅಂಕ ಸಿಗುತ್ತದೆ. ಯಾವ ಕಡೆ ನಿಂತಿರಿ ಅನ್ನುವುದು ಮುಖ್ಯವಲ್ಲ. ಎಲ್ಲಾದರೂ ನಿಲ್ಲಬೇಕು, ನಿಂತಲ್ಲಿ ಸಾಕ್ಷಿ ಕೊಡಬೇಕು.

ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ. ಅವರು ಕೇಳಿದ್ದು ತಮಾಷೆಗಾದರೂ ಒಳ್ಳೆಯ ಪ್ರಶ್ನೆ. ಮೇಲೆ ಆಗಸ್ಟ್ 8, ಆಗಸ್ಟ್ 16 ಅಂದೆನಲ್ಲ, ಅವೆರಡರ ನಡುವೆ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತಿದ್ದವರು ಯಾರು ಗೊತ್ತಾ? ಮೈಸೂರಿನವರು. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು. ಇಂಗ್ಲಿಷರ ವಿರುದ್ಧ ಸೈನ್ಯದ ಸಹಾಯ ಕೇಳಲು ಸಮುದ್ರ ದಾಟಿ ಹೋಗಿದ್ದರು. ದರ್ಬಾರು ಭರ್ಜರಿಯಾಗಿಯೇ ನಡೆಯಿತು. ಪಿಂಗಾಣಿ ಸಾಮಾನಿನ ಉಡುಗೊರೆ ಸಿಕ್ಕಿತು. ಸೈನ್ಯ ಸಿಗಲಿಲ್ಲ. ಇಂಗ್ಲೆಂಡಿನ ಜೊತೆ 1783ರಲ್ಲಷ್ಟೇ ರಾಜಿ ಆಗಿತ್ತು, ಹೊಸ ಯುದ್ಧಕ್ಕೆ ಕೈಯಲ್ಲಿ ಕಾಸಿಲ್ಲ. ಆ ಮೂವರಿಗೆ ಸಿಕ್ಕ ‘ಆಗುವುದಿಲ್ಲ’ದ ಹಿಂದೆ ಇದ್ದದ್ದೂ ಕ್ರಾಂತಿಗೆ ಬಾಗಿಲು ತೆರೆದ ಅದೇ ಖಾಲಿ ಬೊಕ್ಕಸ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನೇ ಅಂತಲೂ ಅಪ್ಪನಿಗೆ ಹೇಳಿ. ಊರ ಕೋಟೆಯ ಪ್ರಶ್ನೆ ಮಾತ್ರ ನೀವೇ ಹುಡುಕಬೇಕು.

ಇದೇ ಪ್ರಶ್ನೆಯನ್ನು ಹಿಟ್ಲರ್ ಪಾಠಕ್ಕೆ ಹಾಕಿ ನೋಡಿ. ಎಷ್ಟೋ ಗೈಡುಗಳಲ್ಲಿ ವರ್ಸೇಲ್ಸ್ ಒಪ್ಪಂದ (ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ್ದು), ಹಣದುಬ್ಬರ, ಹಿಟ್ಲರ್ ಅಂತ ಒಂದೇ ಉಸಿರಿನಲ್ಲಿ ಬರುತ್ತದೆ. ಬಾಣದ ಗುರುತು ಹಾಕಿದರೆ ಮುಗಿಯಿತು. ಆದರೆ ಯಾಕೆ ಆವಾಗಲೇ? ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28. ಹಣದುಬ್ಬರ ತಲೆಗೇರಿದ್ದು 1923ರಲ್ಲಿ. ಆ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಅದೇ ತಿಂಗಳು ಮ್ಯೂನಿಕ್‌ನಲ್ಲಿ ಹಿಟ್ಲರ್ ಅಧಿಕಾರ ಕಸಿಯಲು ಹೋಗಿ ಸೋತು ಜೈಲು ಸೇರಿದ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದ ಮತ ಶೇ. 2.6. ಒಪ್ಪಂದದ ಅವಮಾನವೂ ಹಣದುಬ್ಬರದ ನೆನಪೂ ಆಗಲೂ ಇದ್ದವು. ಜನ ಮತ ಹಾಕಲಿಲ್ಲ. 1929ರ ಆರ್ಥಿಕ ಕುಸಿತ ಬಂತು, ನಿರುದ್ಯೋಗಿಗಳು 60 ಲಕ್ಷದ ಹತ್ತಿರ ಹೋದರು. ಮತ 1930ರಲ್ಲಿ ಶೇ. 18.3, 1932ರ ಜುಲೈನಲ್ಲಿ ಶೇ. 37.3.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹಿಟ್ಲರ್ ಬಹುಮತ ಪಡೆದು ಗೆದ್ದು ಬಂದ ಅನ್ನುವುದು. 1932ರ ನವೆಂಬರ್‌ನಲ್ಲಿ ಅವನ ಮತ ಶೇ. 33.1ಕ್ಕೆ ಇಳಿದಿತ್ತು. ಇಳಿದ ಮೇಲೆ, 1933ರ ಜನವರಿ 30ಕ್ಕೆ, ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಮಾಡಿದ. ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂತ ಸುತ್ತಲಿದ್ದ ಹಿರಿಯ ರಾಜಕಾರಣಿಗಳು ಲೆಕ್ಕ ಹಾಕಿದ್ದರು. ‘ನಾಜಿಗಳ ಏಳಿಗೆಗೆ ಕಾರಣ’ ಎಂಬ ಪ್ರಶ್ನೆಗೆ ಈ ಕೆಲವು ಅಂಕಿ ಸಾಕು, ಆದರೆ ಇದೇ ಕ್ರಮದಲ್ಲಿ.

ಜರ್ಮನಿ ಒಂದಾದ ಪಾಠ ನೆನಪಿಡಲು ನಾನು ತರಗತಿಯಲ್ಲಿ ಕಿಟೆಲ್ ಅವರನ್ನು ಕರೆತರುತ್ತೇನೆ. ಕನ್ನಡ ನಿಘಂಟಿನ ಕಿಟೆಲ್. ಅವರು ಹುಟ್ಟಿದ 1832ರಲ್ಲಿ ಜರ್ಮನಿ ಅನ್ನುವ ದೇಶವೇ ಇರಲಿಲ್ಲ. ಅವರ ಊರು ಹ್ಯಾನೋವರ್ ರಾಜ್ಯದಲ್ಲಿತ್ತು. 1853ರಲ್ಲಿ ಅವರು ಇಲ್ಲಿಗೆ ಬಂದರು. 1866ರಲ್ಲಿ ಇನ್ನೊಂದು ಜರ್ಮನ್ ರಾಜ್ಯ ಪ್ರಷ್ಯಾ ಆಸ್ಟ್ರಿಯವನ್ನು ಸೋಲಿಸಿ, ಹ್ಯಾನೋವರನ್ನೂ ನುಂಗಿತು. 1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ, 1871ರ ಜನವರಿ 18ಕ್ಕೆ ವರ್ಸೇಲ್ಸ್‌ನ ಕನ್ನಡಿ ಹಜಾರದಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆ. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗುವ ಹೊತ್ತಿಗೆ ಅವರು ಬಿಟ್ಟು ಬಂದ ರಾಜ್ಯ ನಕ್ಷೆಯಲ್ಲೇ ಇಲ್ಲ. 1919ರಲ್ಲಿ ಸೋತ ಜರ್ಮನಿಯಿಂದ ಸಹಿ ಹಾಕಿಸಿಕೊಂಡದ್ದೂ ಅದೇ ಕನ್ನಡಿ ಹಜಾರದಲ್ಲಿ. ಫ್ರಾನ್ಸ್ ಆ ಜಾಗವನ್ನು ಯಾಕೆ ಆರಿಸಿತು ಅಂತ ಇನ್ನು ಬಾಯಿಪಾಠ ಮಾಡಬೇಕಾ?

ಕೆಲವು ಕಟ್ಟುಕಥೆಗಳು ಉತ್ತರ ಪತ್ರಿಕೆಗಳಲ್ಲಿ ಪದೇ ಪದೇ ಸಿಗುತ್ತವೆ. ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ ಅಂತ ರಾಣಿ ಮರೀ ಆಂಟೊನೆಟ್ ಹೇಳಿದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ. ಆ ಮಾತನ್ನು ಹೆಸರಿಲ್ಲದ ಒಬ್ಬ ರಾಜಕುಮಾರಿಯ ಬಾಯಲ್ಲಿ ಹಾಕಿ ರೂಸೋ ಬರೆದದ್ದು ಆಕೆ ಫ್ರಾನ್ಸಿಗೆ ಮದುವೆಯಾಗಿ ಬರುವ ಮೊದಲೇ. ಪ್ಯಾರಿಸ್ಸಿನಲ್ಲಿ ಸೆರೆಮನೆಯಾಗಿದ್ದ ಬ್ಯಾಸ್ಟಿಲ್ ಕೋಟೆ ಒಡೆದು ಸಾವಿರಾರು ಕೈದಿಗಳನ್ನು ಬಿಡಿಸಿದರು ಅಂತಲೂ ಬರೆಯುತ್ತಾರೆ. ಒಳಗಿದ್ದವರು ಏಳೇ ಜನ. ಗುಂಪು ಹೋಗಿದ್ದು ಮುಖ್ಯವಾಗಿ ಮದ್ದಿನ ಪುಡಿಗೆ. ಬಂದೂಕು ಬೆಳಿಗ್ಗೆಯೇ ಬೇರೆ ಕಡೆಯಿಂದ ಎತ್ತಿಕೊಂಡಿದ್ದರು, ತುಂಬಲು ಮದ್ದಿರಲಿಲ್ಲ. ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದ ಒಂದು ಗುಂಡಿನಿಂದ ಮೊದಲ ಮಹಾಯುದ್ಧವಾಯಿತು ಅನ್ನುವುದು ಪೂರ್ತಿ ಸುಳ್ಳಲ್ಲ, ಆದರೆ 1914ರ ಜೂನ್ 28ರ ಗುಂಡಿಗೂ ಆಗಸ್ಟ್ 4ಕ್ಕೆ ಇಂಗ್ಲೆಂಡ್ ಯುದ್ಧಕ್ಕೆ ಇಳಿದದ್ದಕ್ಕೂ ನಡುವೆ 37 ದಿನ ಇದೆ. ಆ 37 ದಿನದಲ್ಲಿ ಯಾರು ಯಾರಿಗೆ ಏನು ಮಾತು ಕೊಟ್ಟರು ಅನ್ನುವುದೇ ಉತ್ತರ.

ನಮ್ಮದೇ ಒಂದು ಕಥೆಯನ್ನೂ ಇದೇ ತಕ್ಕಡಿಗೆ ಹಾಕಿ. ಶ್ರೀರಂಗಪಟ್ಟಣದಲ್ಲಿ ಜಾಕೊಬಿನ್ ಕ್ಲಬ್ (ಫ್ರೆಂಚ್ ಕ್ರಾಂತಿಕಾರಿಗಳ ಸಂಘ) ನಡೆಯಿತು, ಟಿಪ್ಪು ಸ್ವಾತಂತ್ರ್ಯದ ಮರ ನೆಟ್ಟ ಅಂತ ಓದಿರುತ್ತೀರಿ. ಟಿಪ್ಪುವಿನ ಹತ್ತಿರ ಫ್ರೆಂಚರು ಇದ್ದದ್ದು ನಿಜ. ಆದರೆ ಆ ಕ್ಲಬ್ಬಿನ ಕಾಗದಪತ್ರ ಹೊರಬಂದದ್ದು 1799ರಲ್ಲಿ ಕೋಟೆ ಬಿದ್ದ ಮೇಲೆ, ಪ್ರಕಟಿಸಿದ್ದು ಕಂಪನಿಯವರು. ಈ ಯುದ್ಧ ಯಾಕೆ ಬೇಕಿತ್ತು ಅಂತ ಲಂಡನ್ನಿಗೆ ಒಪ್ಪಿಸಬೇಕಾಗಿದ್ದವರೂ ಅವರೇ. ಅದಕ್ಕೇ ಇತಿಹಾಸಕಾರರು ಅನುಮಾನದಿಂದ ನೋಡುತ್ತಾರೆ. ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೇನು ಲಾಭ. ಪ್ರಾಥಮಿಕ ಆಕರ ಅಂತ ಕ್ಲಾಸಿನಲ್ಲಿ ದೊಡ್ಡ ಹೆಸರಿಟ್ಟು ಕಲಿಸುವ ಕೆಲಸ ಇಷ್ಟೇ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಗೈಡು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಪಾಸಾಗಲು ಗೈಡು ಸಾಕು, ಸಿಲಬಸ್ ಎಲ್ಲಿಂದ ಎಲ್ಲಿಗೆ ಅಂತ ತಿಳಿಯಲೂ ಒಳ್ಳೆಯದು. ಅಪಾಯ ಏನೆಂದರೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕೈ ಕೊಡುತ್ತದೆ. ‘ಕಾರಣಗಳನ್ನು ಬರೆಯಿರಿ’ ಅಂದರೆ ಗೆದ್ದಿರಿ, ‘ಪರಿಶೀಲಿಸಿ’ ಅಂದರೆ ಬಿದ್ದಿರಿ. ನಿಮಗೆ ಆಗಿದ್ದು ಅದೇ. ಗೈಡಿನ ಪ್ರತಿ ಪಾಯಿಂಟಿನ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ಹಳೇದು’ ಅಥವಾ ‘ಹೊಸದು’ ಅಂತ ಬರೆಯಿರಿ. ವರ್ಗಭೇದ ಹಳೇದು. ರಾಜನ ನಿರಂಕುಶ ಅಧಿಕಾರ ಹಳೇದು. ದಿವಾಳಿ ಹೊಸದು. ರೊಟ್ಟಿ ಬೆಲೆ ಹೊಸದು. ಒಂದು ಪಾಠಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ನಿಜವಾಗಿ ಮಾಡಿದವರ ಉತ್ತರ ಒಂದೆರಡು ಟೆಸ್ಟಿನಲ್ಲೇ ಬದಲಾದದ್ದು ಕಂಡಿದ್ದೇನೆ. ತಲೆಯಾಡಿಸಿ ಹೋದವರದ್ದು ಬದಲಾಗಲಿಲ್ಲ.

ವಿಡಿಯೊ ನೋಡಿ, ಕಥೆ ಮನಸ್ಸಿಗೆ ಕೂರುತ್ತದೆ. ಕೇಕಿನ ಮಾತು ಬಂದ ಕೂಡಲೇ ಮಾತ್ರ ಎಚ್ಚರವಾಗಿರಿ. ಫೋನಿನಲ್ಲಿ ಎಐ ಕೇಳಿ ಸಿದ್ಧ ಉತ್ತರ ಬರೆಸಿಕೊಳ್ಳುವವರೂ ಈಗ ಜಾಸ್ತಿ. ಅದು ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಿಂದ ಹೇಳುತ್ತದೆ, ಮತ್ತೆ ಪರೀಕ್ಷೆ ಹಾಲಿನಲ್ಲಿ ಬರೆಯಬೇಕಾದ ಕೈ ನಿಮ್ಮದೇ.

ಇಂಗ್ಲಿಷ್ ವಿಷಯ. ಇತಿಹಾಸ ಅರ್ಥವಾಗಲು ಇಂಗ್ಲಿಷ್ ಬೇಡ. ಆದರೆ ಈ ವಿಷಯದ ಒಳ್ಳೆಯ ಪುಸ್ತಕ ಜಾಸ್ತಿ ಇಂಗ್ಲಿಷಿನಲ್ಲೇ ಇವೆ, ಮುಂದೆ ಎಂ.ಎ. ಮಾಡುವುದಿದ್ದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಇಡೀ ಪುಸ್ತಕಕ್ಕೆ ಕೈ ಹಾಕಿದರೆ ನಾಲ್ಕನೇ ದಿನ ಬಿಡುತ್ತೀರಿ. ಕನ್ನಡದಲ್ಲಿ ಈಗಾಗಲೇ ಗಟ್ಟಿಯಾಗಿರುವ ಒಂದೇ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಓದಿ. ಕಥೆ ಗೊತ್ತಿರುವುದರಿಂದ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹೆಸರಿನ ಕಾಗುಣಿತಕ್ಕೆ ಹೆದರಬೇಡಿ. ರೋಬ್ಸ್‌ಪಿಯರ್, ರಾಬೆಸ್ಪಿಯರ್, ಏನು ಬರೆದರೂ ನಾನಂತೂ ಅಂಕ ಕಡಿದಿಲ್ಲ.

ಪೇಪರ್ ಬದಲಿಸುವುದು: ವಿಷಯವೇ ಹಿಡಿಸದಿದ್ದರೆ ಬದಲಿಸಿ, ಕೊನೆಯ ದಿನ ಯಾವಾಗ ಅಂತ ಕಾಲೇಜು ಆಫೀಸಿನಲ್ಲಿ ಮೊದಲು ಕೇಳಿ. ಮೂರು ಅಂಕದ ಭಯಕ್ಕೆ ಬೇಡ. ಬೇರೆ ಪೇಪರಿನಲ್ಲೂ ‘ಪರಿಶೀಲಿಸಿ’ ಇದ್ದೇ ಇರುತ್ತದೆ. ಯುಪಿಎಸ್‌ಸಿ ಯೋಚನೆ ಇದ್ದರೆ, ಅದರ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ 18ನೇ ಶತಮಾನದಿಂದ ಈಚೆಗಿನ ವಿಶ್ವ ಇತಿಹಾಸ ಇದೆ.

ಈ ವಾರ ಒಂದು ಕೆಲಸ ಮಾಡಿ. ಅದೇ ಹತ್ತು ಅಂಕದ ಪ್ರಶ್ನೆಗೆ ಮೊದಲ ಐದು ಸಾಲು ಮಾತ್ರ ಮತ್ತೆ ಬರೆಯಿರಿ. ‘ಮಹತ್ವದ ಘಟನೆ’ ತೆಗೆದು ಹೀಗೆ ಶುರು ಮಾಡಬಹುದು: ‘ಬಡತನ ಕ್ರಾಂತಿಗೆ ಬಲ ಕೊಟ್ಟಿತು, ಆದರೆ ಅದೊಂದೇ ಸಾಕಾಗುತ್ತಿರಲಿಲ್ಲ. ಬಡತನ ಹಿಂದಿನಿಂದಲೂ ಇತ್ತು. 1788ರಲ್ಲಿ ಸರ್ಕಾರ ದಿವಾಳಿಯಾಗಿ ಎಸ್ಟೇಟ್ಸ್ ಜನರಲ್ ಕರೆಯಬೇಕಾಯಿತು. ಅದೇ ಹೊತ್ತಿಗೆ ಬೆಳೆ ಕೆಟ್ಟು ರೊಟ್ಟಿ ಬೆಲೆ ಏರಿತು.’ ಬರೆದದ್ದನ್ನು ಮೇಡಂಗೆ ತೋರಿಸಿ. ‘ಉತ್ತರ ಎಲ್ಲಿ?’ ಅಂತ ಕೂತು ಬರೆದವರು ಇದನ್ನೂ ಓದುತ್ತಾರೆ. ಸುಮ್ನೆ ಅಂಕ ಹಾಕಿ ಕೈ ತೊಳೆದುಕೊಳ್ಳುವವರಾಗಿದ್ದರೆ ಆ ಎರಡು ಪದವನ್ನೂ ಬರೆಯುತ್ತಿರಲಿಲ್ಲ.

ಕೊನೆಗೆ ನಿಮ್ಮ ಹದಿನೇಳನೇ ಲೂಯಿ. ಅವನು ಹದಿನಾರನೇ ಲೂಯಿಯ ಮಗ. 1793ರ ಜನವರಿ 21ರಂದು ಅಪ್ಪನ ತಲೆ ಕಡಿದಾಗ ಅವನಿಗೆ ಏಳು ವರ್ಷ. ರಾಜಪಕ್ಷದವರು ಅವತ್ತಿನಿಂದಲೇ ಅವನನ್ನು ರಾಜ ಅಂತ ಎಣಿಸಿದರು. ಒಂದು ದಿನವೂ ಆಳಲಿಲ್ಲ. ಪ್ಯಾರಿಸ್ಸಿನ ಟೆಂಪಲ್ ಸೆರೆಮನೆಯಲ್ಲಿ 1795ರ ಜೂನ್‌ನಲ್ಲಿ ತೀರಿಕೊಂಡ, ಹತ್ತು ವರ್ಷಕ್ಕೆ. ಅವನ ಚಿಕ್ಕಪ್ಪ ತನ್ನನ್ನು ಹದಿನೆಂಟನೆಯವನು ಅಂತ ಕರೆದುಕೊಂಡ. ಹದಿನೇಳು ಅಂದುಕೊಂಡಿದ್ದರೆ, ಆ ಹುಡುಗ ರಾಜನೇ ಅಲ್ಲ, ಸಿಂಹಾಸನ ಖಾಲಿಯಿತ್ತು, ಗಣರಾಜ್ಯವೇ ಸರಿ ಅಂತ ಒಪ್ಪಿಕೊಂಡ ಹಾಗೆ ಆಗುತ್ತಿತ್ತು.